ಚೆಂಡು ನಿಂತ ಮೇಲಿನ 20 ಸೆಕೆಂಡು

ಕೆಲವು ವರ್ಷಗಳ ಹಿಂದೆ ಹೊಸದೊಂದು ವೃತ್ತಿಪರ ಕ್ಯೂ ಕ್ರೀಡೆಯ (ಕ್ಯೂ ಎಂಬ ಉದ್ದ ಕೋಲಿನಿಂದ ಮೇಜಿನ ಮೇಲಿನ ಚೆಂಡು ಹೊಡೆಯುವ ಆಟದ) ಮೊದಲ ಲೀಗನ್ನು ನೇರಪ್ರಸಾರ ಮಾಡುವ ಹೊಣೆ ನಮ್ಮ ತಂಡದ ಪಾಲಿಗೆ ಬಂದಿತ್ತು. ನಾನು ಅದರ ಪ್ರಸಾರ ನಿರ್ದೇಶಕನಾಗಿದ್ದೆ. ಆಟದ ತಳಹದಿ ಸಿಕ್ಸ್-ರೆಡ್ ಸ್ನೂಕರ್. ಅಂದರೆ, ಮೇಜಿನ ಮೇಲೆ 15 ಕೆಂಪು ಚೆಂಡುಗಳ ಬದಲು 6 ಇರುತ್ತವೆ. ಸಾಮಾನ್ಯ ಲೆಕ್ಕದಲ್ಲಿ 147 ಆಗುವ ಗರಿಷ್ಠ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸುವ ಅಂಕ, ಇಲ್ಲಿ 75ಕ್ಕೆ ಇಳಿಯುತ್ತದೆ. ಬೆಂಗಳೂರಿನ ಪಂಕಜ್ ಅಡ್ವಾಣಿ 2014 ಮತ್ತು 2015ರಲ್ಲಿ ಈ ಪ್ರಕಾರದ ವಿಶ್ವ ಪ್ರಶಸ್ತಿ ಗೆದ್ದದ್ದರಿಂದ ನಮ್ಮ ಊರಿನ ಕ್ಲಬ್ಬುಗಳಿಗೆ ಅದು ಅಪರಿಚಿತವೇನಲ್ಲ. ಆಯೋಜಕರು ಅದರ ಮೇಲೆ ಮೂರು ಹೊಸ ನಿಯಮಗಳನ್ನು ಹೇರಿದ್ದರು: ಫ್ರೇಮಿಗೆ (ಒಂದು ಸುತ್ತಿನ ಆಟಕ್ಕೆ) 12 ನಿಮಿಷ, ಹೊಡೆತಕ್ಕೆ 20 ಸೆಕೆಂಡು, ಕೊನೆಯ 2 ನಿಮಿಷಗಳಲ್ಲಿ ಅಂಕಗಳು ಇಮ್ಮಡಿ.

ಮೊದಲ ಎರಡು ದಿನ ನಾವು ಮಾಡಿದ ಪ್ರಸಾರವನ್ನು ಈಗ ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮ ತಂಡದ ಬಹುತೇಕರು ಕ್ರಿಕೆಟ್ ಪ್ರಸಾರದಲ್ಲಿ ಪಳಗಿದವರು. ಒಂದು ಎಸೆತ ಮುಗಿದ ಕೂಡಲೇ ಮರುಪ್ರದರ್ಶನಕ್ಕೆ ಹೋಗುವುದು ನಮ್ಮ ಕೈಬೆರಳಿಗೇ ಅಂಟಿದ ಅಭ್ಯಾಸ. ಕ್ರಿಕೆಟ್ಟಿನಲ್ಲಿ ಅದರಿಂದ ನಷ್ಟವಿಲ್ಲ, ಏಕೆಂದರೆ ಹಿಂತಿರುಗಿ ಬಂದಾಗ ಪಿಚ್ ಅಲ್ಲಿಯೇ ಇರುತ್ತದೆ, ಬೌಲರ್ ಅದೇ ತುದಿಯಿಂದ ಓಡಿ ಬರುತ್ತಿರುತ್ತಾನೆ. ಆದರೆ ಸ್ನೂಕರ್ ಮೇಜಿನ ಮೇಲೆ ಪ್ರತಿ ಹೊಡೆತದ ನಂತರ ಮೈದಾನವೇ ಹೊಸದಾಗುತ್ತದೆ. ಬಿಳಿ ಚೆಂಡು ಎಲ್ಲಿ ನಿಂತಿತು, ಕೆಂಪು ಯಾವುದರ ಹಿಂದೆ ಅಡಗಿತು, ಕಪ್ಪು ಚೆಂಡಿಗೆ ದಾರಿ ತೆರೆದಿದೆಯೇ ಎಂಬುದನ್ನು ನೋಡುಗನು ತಾನೇ ಓದಿಕೊಳ್ಳಬೇಕು. ನಾವು 7 ಸೆಕೆಂಡುಗಳ ಮರುಪ್ರದರ್ಶನ, ಆಟಗಾರನ ಮುಖದ ಸಮೀಪ ದೃಶ್ಯ, ಪ್ರಾಯೋಜಕರ ಪಟ್ಟಿ ಎಂದು ತೋರಿಸುತ್ತಾ ಮೇಜಿಗೆ ಮರಳುವ ಹೊತ್ತಿಗೆ ಆಟಗಾರ ಬಾಗಿ ಕ್ಯೂ ಹಿಂದಕ್ಕೆ ಎಳೆದಾಗಿರುತ್ತಿತ್ತು. ಹೊಡೆತ ಕಾಣುತ್ತಿತ್ತು, ಆ ಹೊಡೆತವನ್ನೇ ಏಕೆ ಆರಿಸಿಕೊಂಡ ಎಂಬುದು ಕಾಣುತ್ತಿರಲಿಲ್ಲ.

ಇದನ್ನು ನಮಗೆ ತಿಳಿಸಿಕೊಟ್ಟವರು ಒಬ್ಬ ಮಾರ್ಕರ್. ಕ್ಲಬ್ಬುಗಳ ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕ ಬರೆಯುತ್ತ, ಚೆಂಡುಗಳನ್ನು ಸ್ಥಾನದಲ್ಲಿಡುತ್ತ, ಮೇಜಿನ ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುತ್ತ ದಶಕಗಳನ್ನು ಕಳೆದ ಹಿರಿಯರು. ಮೇಜುಗಳ ನಿರ್ವಹಣೆಗೆಂದು ಬಂದಿದ್ದರು. ಎರಡನೆಯ ದಿನದ ಊಟದ ಬಿಡುವಿನಲ್ಲಿ ನಿಯಂತ್ರಣ ಕೊಠಡಿಗೆ ಬಂದು ಪರದೆಗಳನ್ನು ಒಂದೊಂದಾಗಿ ನೋಡಿ, "ಕ್ಲಬ್ಬಲ್ಲಿ ನಮಗೆ ಪೂರ್ತಿ ಟೇಬಲ್ ಕಾಣುತ್ತೆ ಸಾರ್, ನಿಮ್ಮ ಟೀವಿಯಲ್ಲಿ ಒಂದು ಚೆಂಡು ಮಾತ್ರ ಕಾಣುತ್ತೆ" ಎಂದರು. ಲಕ್ಷಾಂತರ ರೂಪಾಯಿಯ ಕ್ಯಾಮೆರಾಗಳ ನಡುವೆ ಕುಳಿತಿದ್ದ ನಮ್ಮಲ್ಲಿ ಯಾರಿಗೂ ಆ ಮಾತು ಹೊಳೆದಿರಲಿಲ್ಲ.

ಅಂದು ರಾತ್ರಿ ನಾವು ಆ 20 ಸೆಕೆಂಡುಗಳನ್ನು ಕಾಗದದ ಮೇಲೆ ಮರುಹಂಚಿಕೆ ಮಾಡಿದೆವು. ಗಡಿಯಾರ ಓಡಲಾರಂಭಿಸುವುದು ಎಲ್ಲ ಚೆಂಡುಗಳೂ ನಿಂತ ಮೇಲೆ. ಆ ಕ್ಷಣದಿಂದ ಮೊದಲ 5 ಸೆಕೆಂಡು ಮೇಜಿನ ನೇರ ಮೇಲಿನ ಕ್ಯಾಮೆರಾಕ್ಕೆ ಮೀಸಲು. ಅದರ ಮೇಲೆ ಬೇರೆ ಯಾವ ಅಕ್ಷರವೂ ಮೂಡಕೂಡದು. ನಂತರ ಆಟಗಾರ ಮೇಜಿನ ಸುತ್ತ ನಡೆದು ಕೋನ ಅಳೆಯುವ ದೃಶ್ಯ. ಕಡೆಯದಾಗಿ ಬಾಕ್ ಗೆರೆಯ (ಆಟ ಆರಂಭವಾಗುವ ತುದಿಯಲ್ಲಿ ಮೇಜಿಗೆ ಅಡ್ಡಲಾಗಿ ಎಳೆದ ಗೆರೆಯ) ಹಿಂದಿನಿಂದ ಮೇಜನ್ನು ಉದ್ದಕ್ಕೆ ಕಾಣಿಸುವ ಮುಖ್ಯ ಕ್ಯಾಮೆರಾ. ಮರುಪ್ರದರ್ಶನವೆಲ್ಲ ಸರದಿ ಬದಲಾಗುವಾಗ ಅಥವಾ ಚೆಂಡುಗಳನ್ನು ಮತ್ತೆ ಜೋಡಿಸುವಾಗ ಮಾತ್ರ. ಸಹಾಯಕ ನಿರ್ದೇಶಕರು ಇದನ್ನು ವಿರೋಧಿಸಿದರು. ಏನೂ ನಡೆಯದ ಹೊತ್ತನ್ನು ತೋರಿಸಿದರೆ ಜನ ವಾಹಿನಿ ಬದಲಾಯಿಸುತ್ತಾರೆ ಎಂಬ ಅವರ ಆತಂಕ ಅಸಂಗತವಾದುದಲ್ಲ. ಆದರೆ ಕ್ಯೂ ಕ್ರೀಡೆಯಲ್ಲಿ ಆಟ ನಡೆಯುವುದೇ ಆ ಹೊತ್ತಿನಲ್ಲಿ ಎಂದು ನಾನು ಅಂದು ನಂಬಿದೆ, ಇಂದಿಗೂ ನಂಬುತ್ತೇನೆ.

ಮೇಲಿನ ಕ್ಯಾಮೆರಾ ಎಂದು ಬರೆದಷ್ಟು ಸುಲಭವಾಗಿ ಅದನ್ನು ತೂಗುಹಾಕಲು ಬರುವುದಿಲ್ಲ. ಮೇಜಿನ ಮೇಲೆ ನೆರಳು ಬೀಳದಂತೆ ದೀಪಗಳ ಚಪ್ಪರವೊಂದು ಇಳಿಬಿದ್ದಿರುತ್ತದೆ, ಕ್ಯಾಮೆರಾ ಅದರ ನಡುವೆಯೇ ಕೂರಬೇಕು. ಮೇಜಿನ ಆಡುವ ಅಂಗಳದ ಉದ್ದ 3569 ಮಿಲಿಮೀಟರ್, ಚೆಂಡಿನ ವ್ಯಾಸ 52.5 ಮಿಲಿಮೀಟರ್, ಉದ್ದಕ್ಕೆ ಸುಮಾರು 68 ಚೆಂಡುಗಳನ್ನು ಸಾಲಾಗಿ ಇಡಬಹುದು. ಇಡೀ ಮೇಜನ್ನು ಅಡ್ಡ ಹಿಡಿದ ಮೊಬೈಲಿನ 14 ಸೆಂಟಿಮೀಟರ್ ಪರದೆಯಲ್ಲಿ ತೋರಿಸಿದರೆ ಒಂದು ಚೆಂಡು 2 ಮಿಲಿಮೀಟರಿನಷ್ಟಾಗುತ್ತದೆ, ಮೊಬೈಲನ್ನು ನೆಟ್ಟಗೆ ಹಿಡಿದರೆ ಅದರ ಅರ್ಧ. ನಮ್ಮ ನೋಡುಗರಲ್ಲಿ ಹೆಚ್ಚಿನವರು ಮೊಬೈಲಿನವರೇ ಎಂದು ತಿಳಿದಿದ್ದರೂ ನಾವು ಈ ಲೆಕ್ಕವನ್ನು ಮೊದಲೇ ಹಾಕಿರಲಿಲ್ಲ. ಆ ಗಾತ್ರದಲ್ಲಿ ಕಂದು ಮತ್ತು ಕೆಂಪು ಚೆಂಡುಗಳ ವ್ಯತ್ಯಾಸ ಮಾಸಿಹೋಗುತ್ತದೆ. ಮೂರನೆಯ ದಿನದಿಂದ ಬಣ್ಣ ಹೊಂದಿಸುವ ತಂತ್ರಜ್ಞರು ತಮ್ಮ ದೊಡ್ಡ ಪರದೆಯ ಪಕ್ಕದಲ್ಲಿ ಒಂದು ಸಾಧಾರಣ ಮೊಬೈಲನ್ನು ಇಟ್ಟುಕೊಂಡು ಕೆಲಸ ಮಾಡಿದರು.

ಬಣ್ಣದ ವಿಷಯದಲ್ಲಿ ಈ ಆಟಕ್ಕೂ ದೂರದರ್ಶನಕ್ಕೂ ಹಳೆಯ ಋಣವಿದೆ. ಇಂಗ್ಲೆಂಡಿನಲ್ಲಿ 1969ರಲ್ಲಿ ಬಿಬಿಸಿ ಆರಂಭಿಸಿದ ಪಾಟ್ ಬ್ಲ್ಯಾಕ್ ಎಂಬ ಒಂದೇ ಫ್ರೇಮಿನ ಪಂದ್ಯಾವಳಿ, ಆಗಷ್ಟೇ ಬಂದಿದ್ದ ವರ್ಣ ಪ್ರಸಾರಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ನೂಕರ್ ಮನೆಮನೆಗೆ ತಲುಪಿದ್ದು ಅದರಿಂದ.

ಹೊಸ ನಿಯಮಗಳ ಇತಿಹಾಸವಾದರೋ ಅಷ್ಟು ಸುಖಕರವಲ್ಲ. 1959ರಲ್ಲಿ ಮಾಜಿ ವಿಶ್ವ ಚಾಂಪಿಯನ್ ಜೋ ಡೇವಿಸ್ 8 ಅಂಕದ ಕಿತ್ತಳೆ ಮತ್ತು 10 ಅಂಕದ ನೇರಳೆ ಚೆಂಡುಗಳನ್ನು ಸೇರಿಸಿ ಸ್ನೂಕರ್ ಪ್ಲಸ್ ಎಂಬ ಆಟವನ್ನು ತಂದರು. ಗರಿಷ್ಠ ಬ್ರೇಕ್ 210ಕ್ಕೆ ಏರಿತು, ಆಟ ಮಾತ್ರ ಉಳಿಯಲಿಲ್ಲ. 2010ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪವರ್ ಸ್ನೂಕರ್‌ನಲ್ಲಿ 9 ಕೆಂಪು ಚೆಂಡುಗಳ ನಡುವಿನ ವಿಶೇಷ ಚೆಂಡನ್ನು ಪಾಟ್ ಮಾಡಿದರೆ, ಅಂದರೆ ಪಾಕೆಟ್ಟಿಗೆ ಬೀಳಿಸಿದರೆ, 2 ನಿಮಿಷ ಅಂಕಗಳು ಇಮ್ಮಡಿಯಾಗುತ್ತಿದ್ದವು. ರಾನಿ ಓ'ಸಲಿವನ್ ಅವರಂಥ ವಿಶ್ವ ಚಾಂಪಿಯನ್ನರು ಆಡಿ ಗೆದ್ದರೂ ಅದು 2011ರ ಆಚೆಗೆ ನೆಲೆನಿಲ್ಲಲಿಲ್ಲ. ಅದೇ ಕಾಲದಲ್ಲಿ ಮರುಜೀವ ಪಡೆದ ಶೂಟ್ ಔಟ್ ಎಂಬ ಒಂದೇ ಫ್ರೇಮಿನ ಸ್ಪರ್ಧೆ ಮಾತ್ರ ಬೆಳೆದು 2017ರಲ್ಲಿ ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ರ‍್ಯಾಂಕಿಂಗ್ ಪಂದ್ಯಾವಳಿಯಾಯಿತು. ಅಲ್ಲಿ ಚೆಂಡುಗಳ ಬೆಲೆಯನ್ನು ಯಾರೂ ಮುಟ್ಟಲಿಲ್ಲ. 10 ನಿಮಿಷದ ಫ್ರೇಮ್, ಮೊದಲ 5 ನಿಮಿಷ ಹೊಡೆತಕ್ಕೆ 15 ಸೆಕೆಂಡು, ಅನಂತರ 10 ಸೆಕೆಂಡು. ನೋಡುಗನಿಗೆ ಗೊತ್ತಿರುವ ಲೆಕ್ಕವನ್ನು ಹಾಗೆಯೇ ಬಿಟ್ಟು ಕಾಲವನ್ನಷ್ಟೇ ಬಿಗಿಗೊಳಿಸಿದ್ದರಿಂದ ಅದು ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದದ್ದು ನಮ್ಮದೇ ಒಂದು ಎಡವಟ್ಟಿನಿಂದ. ನಾಲ್ಕನೆಯ ದಿನ ಫ್ರೇಮಿನ ಕೊನೆಯ 2 ನಿಮಿಷ ಆರಂಭವಾಗುವಾಗ ಒಬ್ಬ ಆಟಗಾರ ಕ್ಯೂ ಬೀಸಿಯಾಗಿತ್ತು, ಚೆಂಡು ಇನ್ನೂ ಉರುಳುತ್ತಿತ್ತು. ಪಾಕೆಟ್ಟಿಗೆ ಬಿದ್ದ ನೀಲಿಗೆ 5 ಅಂಕವೋ 10 ಅಂಕವೋ? ನಿಯಮ ಪುಸ್ತಕದಲ್ಲಿ ಉತ್ತರವಿರಲಿಲ್ಲ. ರೆಫರಿ 5 ಎಂದು ಕೂಗಿದರು, ಅವರ ಧ್ವನಿ ಅಂಕ ನಮೂದಿಸುವವರ ಕಿವಿಗೆ ಹೋಗುವ ವ್ಯವಸ್ಥೆಯನ್ನು ನಾವು ಮಾಡಿರಲಿಲ್ಲವಾದ್ದರಿಂದ ಪ್ರಸಾರದ ಪರದೆಯ ಮೇಲೆ 10 ಸೇರಿತು. ಮೂರು ಹೊಡೆತಗಳವರೆಗೆ ಸಭಾಂಗಣದಲ್ಲೊಂದು ಅಂಕ, ಪ್ರಸಾರದಲ್ಲೊಂದು ಅಂಕ. ಅಂಕದಲ್ಲಿ ಹಿಂದಿದ್ದ ಆಟಗಾರ ಸಭಾಂಗಣದ ಪರದೆಯನ್ನು ನೋಡಿ ಆಡುತ್ತಿದ್ದ, ಮನೆಯಲ್ಲಿದ್ದವರಿಗೆ ಅವನ ಸಾಹಸ ಅರ್ಥಹೀನವಾಗಿ ಕಂಡಿತು. ತಪ್ಪು ನನ್ನದು. ನಿಯಮಗಳ ಕರಡು ನನ್ನ ಕೈ ಸೇರಿದಾಗ ಅದರ ಪ್ರತಿ ವಾಕ್ಯವನ್ನೂ ಪರದೆಯ ಮೇಲೆ ಹೇಗೆ ತೋರಿಸುತ್ತೇನೆ ಎಂದು ಕೇಳಿಕೊಳ್ಳದೆ ಸಹಿ ಹಾಕಿದ್ದೆ. ಮರುದಿನದಿಂದ ರೆಫರಿಯ ಮೈಕ್ ನೇರವಾಗಿ ಅಂಕದ ಮೇಜಿಗೆ ಬಂತು. ಕ್ಯೂ ತುದಿ ಬಿಳಿ ಚೆಂಡನ್ನು ತಾಕಿದ ಕ್ಷಣವೇ ಲೆಕ್ಕಕ್ಕೆ ಎಂದು ತಾಂತ್ರಿಕ ಸಮಿತಿ ಬರೆದುಕೊಟ್ಟಿತು.

ಕನ್ನಡ ವೀಕ್ಷಕ ವಿವರಣೆಯ ಸಂಗತಿಯನ್ನೂ ಹೇಳಬೇಕು. ಪಾಟ್, ಬ್ರೇಕ್, ಕುಶನ್ (ಮೇಜಿನ ಅಂಚಿನ ರಬ್ಬರ್ ಪಟ್ಟಿ) ಎಂಬ ಪದಗಳನ್ನು ಅನುವಾದಿಸಲು ಹೊರಟು ಮೊದಲ ದಿನ ನಾವು ಕೈಸುಟ್ಟುಕೊಂಡೆವು. ದಾರಿ ತೋರಿಸಿದ್ದು ಕೇರಂ. ಸ್ಟ್ರೈಕರ್ ಪಾಕೆಟ್ಟಿಗೆ ಬಿದ್ದರೆ ಫೈನ್ ಕಟ್ಟಬೇಕೆಂದು ತಿಳಿದ ಯಾರಿಗಾದರೂ ಬಿಳಿ ಚೆಂಡು ಬಿದ್ದರೆ ಎದುರಾಳಿಗೆ ಅಂಕ ಹೋಗುವುದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ರೀಬೌಂಡ್ ಗೊತ್ತಿದ್ದವರಿಗೆ ಕುಶನ್ನಿನ ಹೊಡೆತವನ್ನು ವಿವರಿಸಬೇಕಿಲ್ಲ. ಮೇಲಿನ ಕ್ಯಾಮೆರಾದ 5 ಸೆಕೆಂಡುಗಳಲ್ಲಿ ವಿವರಣೆಕಾರರು ಒಂದೇ ಒಂದು ಪ್ರಶ್ನೆ ಎತ್ತಿ, "ಹಸಿರು ಅಡ್ಡ ನಿಂತಿದೆ, ಕೆಂಪಿಗೆ ಎಲ್ಲಿಂದ ಹೋಗುತ್ತಾರೆ?" ಎಂದು ಕೇಳಿ, ಸುಮ್ಮನಾಗಬೇಕು ಎಂದು ನಿರ್ಧರಿಸಿದೆವು.

ಬಗೆಹರಿಯದೆ ಉಳಿದದ್ದು ಒಂದಿದೆ. ಫ್ರೇಮಿಗೆ ಕಾಲಮಿತಿ ಇದ್ದಾಗ ಮುನ್ನಡೆಯಲ್ಲಿರುವವನು 20 ಸೆಕೆಂಡುಗಳಲ್ಲಿ 19ನ್ನು ಬಳಸಿ, ಬಿಳಿ ಚೆಂಡನ್ನು ಮೆಲ್ಲಗೆ ತಳ್ಳಿ ಗಡಿಯಾರವನ್ನು ತಿನ್ನುತ್ತಾನೆ. ಪ್ರತಿ ಹೊಡೆತದಲ್ಲೂ ಚೆಂಡು ಪಾಕೆಟ್ಟಿಗೆ ಬೀಳಬೇಕು ಅಥವಾ ಯಾವುದಾದರೊಂದು ಚೆಂಡು ಕುಶನ್ನಿಗೆ ತಾಕಬೇಕು ಎಂಬ ಶೂಟ್ ಔಟಿನ ನಿಯಮವನ್ನು ಅಳವಡಿಸುವಂತೆ, ಕೊನೆಯ 5 ನಿಮಿಷ ಹೊಡೆತದ ಕಾಲವನ್ನು 12 ಸೆಕೆಂಡಿಗೆ ಇಳಿಸುವಂತೆ ನಾವು ಆಯೋಜಕರಿಗೆ ಪತ್ರ ಬರೆದಿದ್ದೇವೆ. 12 ಸೆಕೆಂಡಾದರೆ ಮೇಲಿನ ಕ್ಯಾಮೆರಾಕ್ಕೆ ನನಗೆ ಸಿಗುವುದು 5 ಅಲ್ಲ, 3. ಆ ಮೂರರಲ್ಲಿ ಮೇಜನ್ನು ಓದಲು ಆಗುತ್ತದೆಯೇ ಎಂದು ತಿಳಿಯಲು ಈಗ ಹಳೆಯ ದೃಶ್ಯಗಳನ್ನು ಹಾಗೆ ಸಂಕಲಿಸಿ, ಸ್ನೂಕರ್ ಆಡದವರಿಗೆ ತೋರಿಸಿ, ಬಿಳಿ ಚೆಂಡು ಎಲ್ಲಿತ್ತು ಎಂದು ಕೇಳುತ್ತಿದ್ದೇವೆ. ಆ ಮಾರ್ಕರ್ ಹಿರಿಯರೂ ನಮ್ಮೊಂದಿಗೆ ಕುಳಿತಿದ್ದಾರೆ.