ಮಂಗಟ್ಟೆ ಗೂಡಿನ ಮುಂದೆ ಒಂದು ಬೆಳಗ್ಗೆ

ದಾಂಡೇಲಿಗೆ ಹೋದವರು ಕಾಳಿ ನದೀಲಿ ರಾಫ್ಟಿಂಗ್ ಮಾಡಿ ಬರ್ತಾರೆ, ನಾನು ಈ ಮಾರ್ಚಲ್ಲಿ ಹೋಗಿದ್ದು ಸುಮ್ನೆ ಕೂರೋಕೆ. ಅಮ್ಮನ ಆಪರೇಷನ್ ಆದ್ಮೇಲೆ ನಾಲ್ಕು ತಿಂಗಳು ನೋಡ್ಕೊಂಡು ನಾನೇ ಸೋತು ಹೋಗಿದ್ದೆ, ತಂಗಿ ಬಂದು "ಅಕ್ಕಾ ಎರಡು ದಿನ ನಾನಿರ್ತೀನಿ, ನೀನು ಎಲ್ಲಾದ್ರೂ ಹೋಗ್ಬಾ" ಅಂದ್ಲು, ಹೊರಟೆ.

ಬೆಳಗ್ಗೆ ಆರಕ್ಕೇ ಗೈಡ್ ಒಬ್ರು ಕಾಡೊಳಗೆ ಕರ್ಕೊಂಡು ಹೋಗಿ ಮಂಗಟ್ಟೆ ಅಂದ್ರೆ ಹಾರ್ನ್‌ಬಿಲ್ ಹಕ್ಕಿ ಗೂಡಿರೋ ದೊಡ್ಡ ಮರವೊಂದರಿಂದ ತುಂಬಾ ದೂರದಲ್ಲೇ ಪೊದೆ ಮರೇಲಿ ಕೂರಿಸಿದ್ರು. "ಮೇಡಂ ಅಲ್ಲಾಡ್ಬೇಡಿ, ನಮ್ಮನ್ನ ಕಂಡ್ರೆ ಗಂಡು ಹತ್ರ ಬರಲ್ಲ, ಒಳಗಿರೋಳು ಹಸ್ಕೊಂಡಿರ್ತಾಳೆ." ಅದನ್ನ ಕೇಳಿದ್ಮೇಲೆ ನಾನು ಫೋನ್ ಹೊರಗೇ ತೆಗೀಲಿಲ್ಲ.

ಮರದ ಪೊಟರೆ ಒಳಗೆ ಹೆಣ್ಣು ದೊಡ್ಡ ಮಂಗಟ್ಟೆ. ಹಿಕ್ಕೆ, ಮಣ್ಣು, ಹಣ್ಣಿನ ಚೂರು ಎಲ್ಲಾ ಸೇರಿಸಿ ಬಾಗಿಲು ಮೆತ್ಕೊಂಡು ಕೊಕ್ಕಿನ ತುದಿ ಹೊರಗೆ ಬರೋಷ್ಟು ಸೀಳು ಮಾತ್ರ ಬಿಟ್ಕೊಳ್ತಾಳೆ. ಕಾವು ಕೂರೋದೇ ಸುಮಾರು 38-40 ದಿನ, ಅದರ ಮಧ್ಯೆ ರೆಕ್ಕೆ ಬಾಲದ ಗರಿಗಳೂ ಉದುರಿ ಹೊಸದು ಬರ್ಬೇಕು, ಅಂದ್ರೆ ಬೇಕು ಅಂದ್ರೂ ಹಾರೋಕಾಗಲ್ಲ, ಊಟಕ್ಕೆ ಪೂರ್ತಿ ಅವನೇ ಗತಿ.

ಮೊದಲರ್ಧ ಗಂಟೆ ತಲೇಲಿ ಬರೀ ಮಾತ್ರೆ ಟೈಮು, ಡ್ರೆಸ್ಸಿಂಗು, ಇವೇ. ಆಮೇಲೆ ಯಾವಾಗಲೋ ಎಲೆ ಉದುರೋ ಸದ್ದು ಬೇರೆಬೇರೆಯಾಗಿ ಕೇಳೋಕೆ ಶುರುವಾಯ್ತು, ತೇಗದೆಲೆ ಕೊಂಬೆಗೆಲ್ಲ ತಾಕ್ಕೊಂಡು ಬೀಳುತ್ತೆ, ಸಣ್ಣೆಲೆ ಬಿದ್ದಿದ್ದೇ ಗೊತ್ತಾಗಲ್ಲ, ಇರುವೆ ಸಾಲೊಂದು ನನ್ನ ಚಪ್ಪಲಿ ಬಳಸ್ಕೊಂಡು ಹೋಗ್ತಾ ಇತ್ತು, ಎಷ್ಟು ಹೊತ್ತು ಅದನ್ನೇ ನೋಡಿದ್ನೋ.

ಆಗ ಮೇಲಿಂದ ಹಳೇ ಉಗಿಬಂಡಿ ಥರ ಉಸ್ ಉಸ್ ಅಂತ ರೆಕ್ಕೆ ಸದ್ದು. ಗಂಡು ಬಂದು ಕಾಂಡ ಹಿಡ್ಕೊಂಡು ಕೂತ, ಕೆಂಪು ಕಣ್ಣು, ಹಳದಿ ಕೊಕ್ಕು. ಗಂಟಲಿಂದ ಅತ್ತಿಹಣ್ಣು ಒಂದು ಮೇಲಕ್ಕೆ ತಂದು ಸೀಳಿಗೆ ಹಿಡಿದ, ಒಳಗಿನ ಕೊಕ್ಕು ತಗೊಳ್ತು, ಆಮೇಲೆ ಇನ್ನೊಂದು. ಇಪ್ಪತ್ತರ ತನಕ ಎಣಿಸಿ ಬಿಟ್ಬಿಟ್ಟೆ. ಅಮ್ಮಂಗೆ ಚಮಚದಲ್ಲಿ ತಿನ್ನಿಸುವಾಗ ನಾನು ಗಡಿಯಾರ ನೋಡ್ತಿದ್ದೆ, ಇವನು ಅವಳು ತಗೊಳ್ಳೋವರೆಗೂ ಕೊಕ್ಕು ಹಿಂದಕ್ಕೆ ತೆಗೀತಿರ್ಲಿಲ್ಲ. ಕಣ್ಣು ತುಂಬ್ಕೊಂಡು ಬಂತು, ಒರೆಸ್ಕೊಳ್ಳೋಕೂ ಕೈ ಎತ್ತಲಿಲ್ಲ, ಹಾರಿಹೋದ್ರೆ ಅಂತ.

ಅವನು ಹೋದ್ಮೇಲೆ ಗೈಡ್ ಮೆಲ್ಲಗೆ ಮರದ ಬುಡ ತೋರಿಸಿದ್ರು. ಸೀಳಿಂದ ಅವಳು ಹೊರಗೆ ಹಾಕಿದ ಬೀಜಗಳ ರಾಶಿ, ಒಂದೆರಡು ಮೊಳಕೆ.

"ಇನ್ನೊಂದ್ಸಲ ಬರ್ತಾನಾ?"

"ಬರ್ತಾನೆ ಮೇಡಂ, ಎರಡು ಗಂಟೆ ಆಗ್ಬೋದು."

ಕೂತೇ ಇದ್ವಿ.