ಮುಂದಿನ ನಿಲ್ದಾಣ ಕುರ್ಲಾ

ಮುಂಬಯಿಯ ನಮ್ಮ ಭಾನುವಾರದ ಕನ್ನಡ ತರಗತಿಗೆ ಹೊಸದಾಗಿ ಬಂದ ಏಳು ವರ್ಷದ ಹುಡುಗಿಯೊಬ್ಬಳು ಗೋಡೆಯಲ್ಲಿ ತೂಗುತ್ತಿದ್ದ ಮರಾಠಿ ಕ್ಯಾಲೆಂಡರನ್ನು ತಡವರಿಸದೆ ಓದುತ್ತಿದ್ದಳು. ಶಾಲೆಯಲ್ಲಿ ಇಷ್ಟು ಬೇಗ ಕಲಿಸಿದರೇ ಎಂದು ಕೇಳಿದೆ. "ಇಲ್ರಿ ಟೀಚರ್, ಗಾಡ್ಯಾಗ ಕಲ್ತೀನಿ" ಎಂದಳು. ಅವಳ ತಂದೆತಾಯಿ ಯಾದಗಿರಿಯ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ಕೆಲಸದ ಜಾಗ ಬದಲಾದಂತೆಲ್ಲ ತಾಯಿಯ ಜೊತೆ ಲೋಕಲ್ ಗಾಡಿಯಲ್ಲಿ ಓಡಾಡಿದ ಈ ಮಗು, ಡಬ್ಬಿಯೊಳಗಿನ ಫಲಕದಲ್ಲಿ ದೀಪದ ಅಕ್ಷರಗಳು ಮೂಡುವುದನ್ನೂ, ಅದೇ ಹೊತ್ತಿಗೆ "ಪುಢೀಲ ಸ್ಟೇಷನ್" ಎಂದು ಹೆಣ್ಣುದನಿಯೊಂದು ನಿಲ್ದಾಣದ ಹೆಸರು ಹೇಳುವುದನ್ನೂ ನೂರಾರು ಸಲ ಕಂಡು ಕೇಳಿ, ದಾದರ್ ಎಂಬ ಸದ್ದಿಗೆ ಯಾವ ಆಕಾರ, ಠಾಣೆ ಎಂಬ ಸದ್ದಿಗೆ ಯಾವ ಆಕಾರ ಎಂದು ತಾನೇ ಜೋಡಿಸಿಕೊಂಡಿದ್ದಳು.

ಅವಳ ಮಾತು ಕೇಳಿದ ಮೇಲೆ ನಮ್ಮ ಮಕ್ಕಳಿಗೆ ಇಲ್ಲಿ ಏನು ಕೊರತೆಯಿದೆ ಎಂಬುದು ನನಗೆ ಸ್ಪಷ್ಟವಾಯಿತು. ಊರಿನಲ್ಲಿ ಬೆಳೆಯುವ ಮಗುವಿಗೆ ಬಸ್ಸಿನ ನೆತ್ತಿ, ಕಿರಾಣಿ ಅಂಗಡಿಯ ಬೋರ್ಡು, ಗುಡಿಯ ದೇಣಿಗೆ ಕಲ್ಲು, ಚುನಾವಣೆಯ ಗೋಡೆಬರಹ ಎಲ್ಲವೂ ಕನ್ನಡವನ್ನು ಕಣ್ಣಿಗೆ ತೋರಿಸುತ್ತಲೇ ಇರುತ್ತವೆ. ಮುಂಬಯಿಯ ಕನ್ನಡದ ಮಗುವಿಗಾದರೋ ಕನ್ನಡವೆಂಬುದು ಬರೀ ಕಿವಿಯ ಭಾಷೆ. ಮನೆಯಲ್ಲಿ ಆಡುತ್ತದೆ, ಕೇಳುತ್ತದೆ, ಆದರೆ ಆ ಮಾತಿನ ಬರಹವನ್ನು ಬೀದಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇಲ್ಲಿಯ ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು ಎಂಬುದು ನಿಜವಾದರೂ ನನ್ನ ಬಳಿ ಬರುವ ಇಪ್ಪತ್ತೆರಡು ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ. ಹೀಗಿರುವಾಗ ಸಾಯನ್ ಬಳಿ ನಮಗೆ ಬಿಟ್ಟುಕೊಟ್ಟಿರುವ ಒಂದು ಸಣ್ಣ ಕೋಣೆಯಲ್ಲಿ, ವಾರಕ್ಕೆ ಎರಡೇ ಗಂಟೆಯಲ್ಲಿ, ದನಿ ಮತ್ತು ಅಕ್ಷರ ಒಟ್ಟಿಗೆ ಬರುವ ಆ ಗಾಡಿಯ ಫಲಕವನ್ನು ಕನ್ನಡದಲ್ಲಿ ನಾವೇ ಕಟ್ಟಿಕೊಳ್ಳಬೇಕಾಗಿದೆ. ಫೋನು, ಪ್ರೊಜೆಕ್ಟರು ನನಗೆ ಬೇಕಾಗಿರುವುದು ಇದೊಂದು ಕೆಲಸಕ್ಕಾಗಿ.

ಮೊದಲ ವರ್ಷ ನಾನು ಅವುಗಳನ್ನು ಬಳಸಿದ ರೀತಿ ಬೇರೆ. ವರ್ಣಮಾಲೆಯ ಬಣ್ಣಬಣ್ಣದ ವಿಡಿಯೋಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದೆ. ಮಕ್ಕಳು ಸಂತೋಷದಿಂದ ನೋಡಿದರು, ತಿಂಗಳೊಳಗೆ ಅಆಇಈಯಿಂದ ಳಕಾರದವರೆಗೆ ರಾಗವಾಗಿ ಹಾಡಿದರು, ತಂದೆತಾಯಂದಿರಿಗೂ ಸಮಾಧಾನವಾಯಿತು. ಒಂದು ದಿನ ಅಕ್ಷರಗಳ ಚೀಟಿಗಳನ್ನು ಕಲಸಿ ಮುಂದಿಟ್ಟಾಗ, ಹಾಡನ್ನು ಮೊದಲಿನಿಂದ ಹೇಳಿಕೊಳ್ಳದೆ ನಕಾರವನ್ನು ಗುರುತಿಸಬಲ್ಲವರು ಇಬ್ಬರೇ ಇದ್ದರು. ಮಕ್ಕಳ ಕಣ್ಣು ಕುಣಿಯುವ ಆನೆಯ ಮೇಲಿತ್ತು, ಕಿವಿ ರಾಗದ ಮೇಲಿತ್ತು, ಅಕ್ಷರ ಮೂಲೆಯಲ್ಲಿ ಬಂದು ಹೋಗುತ್ತಿತ್ತು. ಒಂದು ವರ್ಷದ ಭಾನುವಾರಗಳು ಹಾಗೆ ಕಳೆದುಹೋದುದಕ್ಕೆ ನನಗೆ ಇಂದಿಗೂ ನೋವಿದೆ.

ದಾರಿ ತೋರಿದ್ದು ನಮ್ಮ ದೇಶದಲ್ಲೇ ಹುಟ್ಟಿದ ಒಂದು ವಿಚಾರ. ಟಿವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಸಾಹಿತ್ಯವನ್ನು ಮೂಡಿಸಿ, ಹಾಡುವ ಪದದ ಬಣ್ಣ ದನಿಯ ಜೊತೆಜೊತೆಗೇ ಬದಲಾಗುವಂತೆ ಮಾಡಿದರೆ, ಅರ್ಧಂಬರ್ಧ ಓದಬಲ್ಲ ಕೋಟ್ಯಂತರ ಜನರಿಗೆ ಮನರಂಜನೆಯ ನಡುವೆಯೇ ಓದಿನ ರೂಢಿಯಾಗುತ್ತದೆ ಎಂದು ಅಹಮದಾಬಾದಿನ ಐಐಎಂ ಎಂಬ ಆಡಳಿತ ನಿರ್ವಹಣಾ ಶಿಕ್ಷಣ ಸಂಸ್ಥೆಯ ಬ್ರಿಜ್ ಕೊಠಾರಿ ಅವರು 1996ರಲ್ಲಿ ಯೋಚಿಸಿದರು. ದೂರದರ್ಶನದ ಗುಜರಾತಿ ಹಾಡುಗಳ ಕಾರ್ಯಕ್ರಮದಲ್ಲಿ, ಮುಂದೆ ಹಿಂದಿಯ ಚಿತ್ರಹಾರದಲ್ಲಿ ಅದು ಜಾರಿಗೂ ಬಂದಿತು. ಕೆಳಗೆ ಬರುವುದು ಅನುವಾದವಲ್ಲ, ಕಿವಿಗೆ ಬೀಳುವ ಮಾತೇ ಆಗಿರಬೇಕು ಎಂಬುದು ಅದರ ಜೀವಾಳ. ಬಾಯಿಪಾಠವಾಗಿರುವ ಹಾಡಾದ್ದರಿಂದ ಮುಂದಿನ ಪದ ಯಾವುದೆಂದು ನೋಡುವವನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಸದ್ದನ್ನು ಕಣ್ಣು ತೆರೆಯ ಮೇಲೆ ಹುಡುಕುತ್ತದೆ. ನಾನು ತೋರಿಸುತ್ತಿದ್ದ ವಿಡಿಯೋಗಳಲ್ಲಿ ಇಲ್ಲದೆ ಹೋದದ್ದು ಈ ಹುಡುಕಾಟವೇ.

ಆಮೇಲೆ ಆನೆ, ಮೊಲಗಳನ್ನು ತೆಗೆದುಹಾಕಿದೆ. ಕಪ್ಪು ತೆರೆಯ ಮೇಲೆ ದೊಡ್ಡ ಬಿಳಿ ಅಕ್ಷರ, ಜೊತೆಗೆ ಮಕ್ಕಳದೇ ದನಿ. ಇಷ್ಟು ಸಾಕಾಯಿತು.

ಮರಾಠಿಯಲ್ಲಿ ಓದುಬರಹ ಕಲಿತ ಮಗು ಕನ್ನಡಕ್ಕೆ ಬರುವಾಗ ತರುವ ಬುತ್ತಿ ದೊಡ್ಡದು. ವ್ಯಂಜನಕ್ಕೆ ಸ್ವರದ ಗುರುತು ಸೇರಿ ಒಂದು ಅಕ್ಷರವಾಗುವ ಕ್ರಮವನ್ನು ಅದಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿಯ ಮಗು ಎಡವುವ ಳಕಾರ ಮರಾಠಿಯಲ್ಲಿ ನಿತ್ಯ ಬಳಕೆಯದು. ತೊಡಕಿರುವುದು ಎರಡು ಕಡೆ. ಮರಾಠಿಯಲ್ಲಿ ಪದದ ಕೊನೆಯ ಅಕಾರ ಬರಹದಲ್ಲಿದ್ದರೂ ಬಾಯಲ್ಲಿ ಬರುವುದಿಲ್ಲವಾದ್ದರಿಂದ ನಮ್ಮ ಮಕ್ಕಳು 'ಮರ' ಎಂದು ಬರೆದದ್ದನ್ನು 'ಮರ್' ಎಂದು ಓದುತ್ತಾರೆ. ಎರಡನೆಯದು ಇನ್ನೂ ಗಟ್ಟಿಯಾದದ್ದು: ಎ ಮತ್ತು ಏ, ಒ ಮತ್ತು ಓ ಎಂಬ ಭೇದ ಅವರು ಕಲಿತ ಮರಾಠಿ ಬರಹದಲ್ಲಿ ಇಲ್ಲವೇ ಇಲ್ಲ. ಬೆಳೆ ಮತ್ತು ಬೇಳೆ, ಒಲೆ ಮತ್ತು ಓಲೆ, ಕೊಡು ಮತ್ತು ಕೋಡು ಇವುಗಳನ್ನು ಮನೆಯಲ್ಲಿ ಬೇರೆಬೇರೆಯಾಗಿಯೇ ಆಡುವ ಮಗು ಬರೆಯುವಾಗ ಒಂದೇ ಮಾಡಿಬಿಡುತ್ತದೆ. ದೀರ್ಘ ಹಾಕು ಎಂದು ನೂರು ಸಲ ತಿದ್ದಿದರೂ ಅದು ಟೀಚರು ಹೇಳಿದ ನಿಯಮವಾಗಿ ಉಳಿಯುತ್ತದೆಯೇ ಹೊರತು ಸ್ವಂತ ಕಿವಿಯ ಅನುಭವವಾಗುವುದಿಲ್ಲ.

ಇಲ್ಲಿ ಕೈಹಿಡಿದದ್ದು ಎಲ್ಲ ಫೋನಿನಲ್ಲೂ ಇರುವ ಧ್ವನಿ ಮುದ್ರಣದ ಸೌಲಭ್ಯ. ಒಬ್ಬ ಹುಡುಗ 'ಬೆಳೆ' ಎನ್ನುತ್ತಾನೆ, ಆಮೇಲೆ 'ಬೇಳೆ' ಎನ್ನುತ್ತಾನೆ. ಎರಡರ ಏರಿಳಿತದ ಗೆರೆಗಳನ್ನು ಒಂದರ ಕೆಳಗೊಂದು ಗೋಡೆಯ ಮೇಲೆ ಮೂಡಿಸುತ್ತೇವೆ. ಎರಡನೆಯದರ ಮೊದಲ ಉಬ್ಬು ಉದ್ದವಾಗಿರುವುದು ಎಲ್ಲರಿಗೂ ಕಾಣುತ್ತದೆ. ವೇಗವನ್ನು ಅರ್ಧಕ್ಕಿಳಿಸಿ ಮತ್ತೆ ಕೇಳಿಸಿದಾಗ, ಆ ಉದ್ದಕ್ಕೇ ಈ ದೀರ್ಘದ ಗುರುತು ಎಂದು ನಾನು ಹೇಳುವ ಮೊದಲೇ ಯಾರೋ ಹೇಳಿಬಿಡುತ್ತಾರೆ. 'ಮರ' ಮತ್ತು 'ಮರ್' ಕೂಡ ಹಾಗೆಯೇ ಇತ್ಯರ್ಥವಾದವು. ತಮ್ಮದೇ ದನಿಯಲ್ಲಿ ಸಿಕ್ಕಿದ ಸಾಕ್ಷಿಯನ್ನು ಮಕ್ಕಳು ಮರೆಯುವುದಿಲ್ಲ. ಪ್ರೊಜೆಕ್ಟರಿನ ಇನ್ನೊಂದು ಉಪಯೋಗವನ್ನೂ ಹೇಳಬೇಕು. ಪುಸ್ತಕದಲ್ಲಿ ಕಣ್ತಪ್ಪುವ 'ವು' ಮತ್ತು 'ಮ'ಗಳನ್ನು ಗೋಡೆಯಗಲಕ್ಕೆ ಹಿಗ್ಗಿಸಿದರೆ, ವಕಾರದ ಕೊಂಬು ಕೆಳಗಿಳಿದು ನಿಲ್ಲುವುದೇ ಮಕಾರದೊಂದಿಗೆ ಗೊಂದಲವಾಗದಿರಲೆಂದು ಎಂಬುದು ಚೆನ್ನಾಗಿ ಮನದಟ್ಟಾಗುತ್ತದೆ.

ಕೀಲಿಮಣೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಪದ್ಧತಿಯನ್ನು ತರಗತಿಯಲ್ಲಿ ಬಳಸಲು ಬಿಡುವುದಿಲ್ಲ, ಏಕೆಂದರೆ ಅಲ್ಲಿ ಲ ಮತ್ತು ಳ, ನ ಮತ್ತು ಣಗಳ ನಡುವೆ ಆಯ್ಕೆ ಮಾಡುವುದು ಫೋನು, ಮಗುವಲ್ಲ. ಎರಡು ಅಕ್ಷರ ಒತ್ತಿದೊಡನೆ ಪೂರ್ತಿ ಪದವನ್ನು ಮುಂದೊಡ್ಡುವ ಸಲಹೆಯ ಪಟ್ಟಿಯನ್ನೂ ಮೊದಲೇ ನಿಲ್ಲಿಸಿರುತ್ತೇನೆ. ದೊಡ್ಡವರಿಗೆ ಇವೆಲ್ಲ ಅನುಕೂಲಗಳೇ ಇರಬಹುದು. ಕಾಗುಣಿತ ಕಲಿಯುತ್ತಿರುವವರಿಂದ ಕಲಿಯುವ ಕೆಲಸವನ್ನೇ ಅವು ಕಸಿದುಕೊಳ್ಳುತ್ತವೆ. ನೇರವಾಗಿ ಕನ್ನಡ ಅಕ್ಷರಗಳ ಕೀಲಿಮಣೆಯಲ್ಲಿ ಒತ್ತುವಾಗಲಾದರೋ ಒತ್ತಕ್ಷರದ ಗುಟ್ಟು ಬೆರಳಿಗೇ ತಿಳಿಯುತ್ತದೆ. ಮರಾಠಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಆದರೆ ಒತ್ತುವ ಕ್ರಮ ಎರಡಕ್ಕೂ ಒಂದೇ, ಕೇಳುವ ಕ್ರಮವೂ ಅದೇ. ಈ ಪಾಠಕ್ಕೆ ನಮ್ಮ ಮಕ್ಕಳ ಮೆಚ್ಚಿನ ಪದ ಕುರ್ಲಾ. ರಕಾರ, ಅರ್ಧದ ಗುರುತು, ಲಕಾರ ಎಂದು ಸದ್ದಿನ ಕ್ರಮದಲ್ಲಿಯೇ ಒತ್ತಿದರೂ ರೇಫ, ಅಂದರೆ ಆ ಅರ್ಧ ರಕಾರ, ತಟ್ಟನೆ ಹಾರಿ ಲಕಾರದ ಬಲಕ್ಕೆ ಅರ್ಕಾವೊತ್ತಾಗಿ ಕುಳಿತುಕೊಳ್ಳುತ್ತದೆ. ಮರಾಠಿ ಫಲಕದಲ್ಲಿ ಅದೇ ರೇಫ ಲಕಾರದ ತಲೆಯ ಮೇಲಿರುವುದನ್ನು ಅವರು ದಿನವೂ ನೋಡಿದ್ದಾರೆ. ಮೊದಲು ಹೇಳುವುದನ್ನು ಆಮೇಲೆ ಬರೆಯುವುದೇಕೆ ಎಂಬ ಪ್ರಶ್ನೆಗೆ, ನಾನು ಕಪ್ಪುಹಲಗೆಯ ಮೇಲೆ ಎಷ್ಟು ವಿವರಿಸಿದರೂ ಆಗದಿದ್ದ ಸಮಾಧಾನ ಆ ಒಂದು ಜಿಗಿತವನ್ನು ಕಂಡಾಗ ಆಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ, ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಅಜ್ಜಿಯರದು. ಊರಿನಲ್ಲಿರುವ ಅಜ್ಜಿ, ದೊಡ್ಡಮ್ಮ, ಸೋದರತ್ತೆಯರು ವಾಟ್ಸಾಪಿನಲ್ಲಿ ಒಂದು ಒಗಟನ್ನೋ ಗಾದೆಯನ್ನೋ ಹೇಳಿ ಕಳಿಸುತ್ತಾರೆ. ಮಕ್ಕಳು ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಫೋನಿನಲ್ಲಿ ಒತ್ತಿ ಆ ದನಿಗೆ ಹೊಂದಿಸಿ, ಪದ ಬಂದಾಗ ಅಕ್ಷರ ಬರುವಂತೆ ಪುಟ್ಟ ವಿಡಿಯೋ ಮಾಡುತ್ತೇವೆ. ಯಾದಗಿರಿಯ ಅಜ್ಜಿಯೊಬ್ಬರು "ಹಸರ ಗಿಡದ ಮ್ಯಾಲ ಮಸರ ಚೆಲ್ಲ್ಯಾದ" ಎಂದು ಮಲ್ಲಿಗೆಯ ಒಗಟು ಕಳಿಸಿದರು. ಇದನ್ನು ಹೀಗೆಯೇ ಬರೆಯಬೇಕೇ, ಅಥವಾ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದು ತಿದ್ದಬೇಕೇ? ಮಕ್ಕಳಿಗೆ ತಪ್ಪು ಕನ್ನಡ ಕಲಿಸಬೇಡಿ ಎಂದು ಹಿರಿಯರೊಬ್ಬರು ನನಗೆ ತಿಳಿಹೇಳಿದ್ದರು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ದನಿ ಒಂದು, ಅಕ್ಷರ ಇನ್ನೊಂದು ಆದರೆ ಮಗು ಕೇಳಿದ್ದನ್ನು ಕಣ್ಣಿನಲ್ಲಿ ಹುಡುಕುವುದು ಹೇಗೆ? ಅಲ್ಲದೆ, ಮೊದಲ ದಿನವೇ ಅಜ್ಜಿಯ ಮಾತು ತಪ್ಪೆಂದು ಕೆಂಪು ಗೆರೆ ಎಳೆದರೆ ಆ ಮಗು ಕನ್ನಡವನ್ನು ತನ್ನದಲ್ಲದ ವಸ್ತುವಿನಂತೆ ದೂರ ಇಡುತ್ತದೆ. ಆದ್ದರಿಂದ ಮೊದಲು ಆಡಿದಂತೆ ಬರೆಯುತ್ತೇವೆ, ಅದು ಸರಾಗವಾದ ಮೇಲೆ ಪಕ್ಕದಲ್ಲಿ ಪುಸ್ತಕದ ರೂಪವನ್ನು ಇಡುತ್ತೇವೆ. 'ಮ್ಯಾಲ' ಮತ್ತು 'ಮೇಲೆ' ಅಕ್ಕಪಕ್ಕ ನಿಂತಾಗ ಉಡುಪಿಯ ಕಡೆಯ ಹೋಟೆಲಿನವರ ಮನೆಯ, ತುಳು ಮಾತೃಭಾಷೆಯ ಹುಡುಗ ತನ್ನ ಮನೆಯಲ್ಲಿ ಇದಕ್ಕೆ 'ಮಿತ್ತ್' ಎನ್ನುತ್ತೇವೆಂದು ಮೂರನೆಯ ಸಾಲನ್ನೂ ಸೇರಿಸಿದ.

ಓದಲು ಬೇರೆ ಸಾಮಗ್ರಿಗೂ ಕೊರತೆಯಿಲ್ಲ. ಪುಣೆಯಲ್ಲಿ 1967ರಲ್ಲಿ ಆರಂಭವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚುಹಾಕುತ್ತದೆ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ, ಅವನ್ನು ಇಳಿಸಿಕೊಂಡು ಮುದ್ರಿಸಬಹುದು, ಮಕ್ಕಳ ದನಿ ಸೇರಿಸಬಹುದು, ಮರಾಠಿಯ ಕಥೆಯನ್ನು ಕನ್ನಡಕ್ಕೆ ತಂದುಕೊಳ್ಳಬಹುದು. ಫೋನುಗಳದೇ ಕಷ್ಟ. ಮನೆಯ ಒಂದೇ ಫೋನು ತಂದೆಯ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ, ಡೇಟಾ ಮುಗಿದಿರುತ್ತದೆ. ಹಾಗಾಗಿ ಎಲ್ಲವನ್ನೂ ನನ್ನ ಫೋನಿನಲ್ಲಿ ಇಳಿಸಿಟ್ಟುಕೊಂಡು, ಆರು ಮಕ್ಕಳಿಗೆ ಒಂದು ಫೋನಿನಂತೆ ಕೂರಿಸುತ್ತೇನೆ. ಒಬ್ಬರು ಓದುತ್ತಾರೆ, ಒಬ್ಬರು ಒತ್ತುತ್ತಾರೆ, ಉಳಿದವರು ತಪ್ಪು ಹಿಡಿಯುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಕೊಡುವಷ್ಟು ಅನುಕೂಲ ನಾಳೆ ಒದಗಿದರೂ ಈ ಕ್ರಮವನ್ನು ನಾನು ಬದಲಿಸುವುದಿಲ್ಲ.

ಈಗ ಕೈಗೆತ್ತಿಕೊಂಡಿರುವುದು ಲೋಕಲ್ ಗಾಡಿಯನ್ನೇ. ದಾದರಿನಿಂದ ಠಾಣೆಯವರೆಗಿನ ನಿಲ್ದಾಣಗಳ ಹೆಸರುಗಳನ್ನು ಮಕ್ಕಳು ಕನ್ನಡದಲ್ಲಿ ಹೇಳಿ ಮುದ್ರಿಸಿ, ಅಕ್ಷರಗಳನ್ನು ಹೊಂದಿಸುತ್ತಿದ್ದಾರೆ. "ಮುಂದಿನ ನಿಲ್ದಾಣ" ಎಂಬ ದನಿ ಗಾಡಿಯಲ್ಲಿ ಓದು ಕಲಿತ ಆ ಹುಡುಗಿಯದು. ಮಾಟುಂಗಾದಲ್ಲಿ ಕೊನೆಗೆ ದೀರ್ಘ ಬೇಕೇ ಬೇಡವೇ ಎಂದು ಒಂದು ಭಾನುವಾರ ಚರ್ಚೆಯಾಯಿತು. ಮರಾಠಿಯವರು ಶೀವ್ ಎನ್ನುವ, ಹಿಂದಿಯವರು ಸಾಯನ್ ಎನ್ನುವ ನಮ್ಮ ನಿಲ್ದಾಣಕ್ಕೆ ಎರಡೂ ಹೆಸರುಗಳನ್ನು ಬರೆದರು. ಕುರ್ಲಾ ಒಂದೇ ಸಲಕ್ಕೆ ಸರಿಯಾಯಿತು. ವಿದ್ಯಾವಿಹಾರದ ಒತ್ತು, ಘಾಟ್‌ಕೋಪರದ ಮಹಾಪ್ರಾಣ ದಾಟಿ ಕಳೆದ ವಾರ ವಿಕ್ರೋಳಿಗೆ ಬಂದೆವು. ಹಿಂದಿಯ ಪ್ರಕಟಣೆಯನ್ನು ನೆನೆದು ಒಬ್ಬ 'ವಿಕ್ರೋಲಿ' ಎಂದು ಒತ್ತಿದ್ದನ್ನು ಅವಳು ಅಳಿಸಿ, ಮರಾಠಿಯಲ್ಲಿ ಇರುವ ಳಕಾರ ನಮ್ಮಲ್ಲೂ ಇದೆಯಲ್ಲ ಎಂದು ಕೀಲಿಮಣೆಯಲ್ಲಿ ಅದನ್ನು ಹುಡುಕಿ ಒತ್ತಿದಳು. ಬರುವ ಭಾನುವಾರ ಕಾಂಜೂರ್‌ಮಾರ್ಗ್. ಅದರಲ್ಲಿ ಅರ್ಕಾವೊತ್ತು ಎಲ್ಲಿ ಬರುತ್ತದೆ ಎಂದು ಈಗಲೇ ಕೇಳಲು ತೊಡಗಿದ್ದಾರೆ.