ಸನ್‌ಬರಿಯ ಕುರಿ ಸಾಹುಕಾರರ ಬಂಗಲೆ

ನಾನು ಹೊರಟಿದ್ದು ಬೂದಿ ನೋಡೋಕೆ. ಇಂಗ್ಲೆಂಡ್‌-ಆಸ್ಟ್ರೇಲಿಯಾ ಟೆಸ್ಟ್ ಕ್ರಿಕೆಟ್ ಸರಣಿಯ ಗುರುತಾದ ಆ್ಯಶಸ್ (ಬೂದಿ) ಕುಡಿಕೆ ಹುಟ್ಟಿದ ಮನೆ ಮೆಲ್ಬರ್ನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸನ್‌ಬರಿಯಲ್ಲಿದೆ ಎಂದು ಅಕ್ಕನ ಮಗ ಹೇಳಿದ್ದ. ರೈಲು ಹತ್ತಿದ ಮೇಲೆ ಬಾಯಿಬಿಟ್ಟ: “ಮಾಮ, ಕುಡಿಕೆ ಇರೋದು ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದಲ್ಲಿ. ಇಲ್ಲಿ ಬರೀ ಮನೆ ನೋಡ್ಬಹುದು.”

ಮನೆಯ ಹೆಸರು ರೂಪರ್ಟ್ಸ್‌ವುಡ್. ಈಗ ಅದು ಶಾಲೆಯ ಆವರಣದಲ್ಲಿದೆ, ಸುಮ್ನೆ ನುಗ್ಗುವ ಹಾಗಿಲ್ಲ. ಮೊದಲೇ ಕೇಳಿಕೊಂಡಿದ್ದರಿಂದ ಹೊರಗಿನಿಂದ ಒಂದು ಸುತ್ತು ನೋಡಲು ಬಿಟ್ಟರು. ಎತ್ತರದ ಗೋಪುರ, ಎರಕದ ಕಬ್ಬಿಣದ ಕುಸುರಿ ಮಾಡಿದ ಜಗಲಿ. ಬರುವ ಅತಿಥಿಗಳಿಗೆಂದೇ ಇದನ್ನು ಕಟ್ಟಿಸಿದ ಕ್ಲಾರ್ಕ್ ಮನೆತನಕ್ಕೆ ಸ್ವಂತ ರೈಲು ನಿಲ್ದಾಣವೂ ಇತ್ತಂತೆ!

ಇಷ್ಟಕ್ಕೆಲ್ಲ ದುಡ್ಡು ಬಂದಿದ್ದು ಕುರಿಯಿಂದ. ಇಂಗ್ಲೆಂಡಿನಿಂದ 1829ರಲ್ಲಿ ಟ್ಯಾಸ್ಮೇನಿಯಾಕ್ಕೆ ಬಂದ ಡಬ್ಲ್ಯು. ಜೆ. ಟಿ. ಕ್ಲಾರ್ಕ್ ಕುರಿ ಸಾಕಿದ, ಬಡ್ಡಿಗೆ ಸಾಲ ಕೊಟ್ಟ. ಆಳಿನ ಗಾತ್ರ ನೋಡಿ ಜನ ‘ಬಿಗ್ ಕ್ಲಾರ್ಕ್’ ಅಂದರು. 1850ರಲ್ಲಿ ಸನ್‌ಬರಿ ಸುತ್ತ 30 ಸಾವಿರ ಎಕರೆಗೂ ಜಾಸ್ತಿ ಭೂಮಿಯನ್ನು ಎಕರೆಗೆ 1 ಪೌಂಡಿನಂತೆ ಸರ್ಕಾರದಿಂದ ಕೊಂಡ. ಅದು ಇಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಜನರ ನೆಲ. ಅವರು ಆಚರಣೆಗೆಂದು ಮಾಡಿದ ಮಣ್ಣಿನ ವೃತ್ತಗಳು ಈಗಲೂ ಸನ್‌ಬರಿಯಲ್ಲಿವೆ. ಆ 1 ಪೌಂಡು ಅವರ ಕೈಗಂತೂ ಹೋಗಿರಲಿಲ್ಲ.

ಆಮೇಲೆ ರಾಜಕೀಯ. 1856ರಲ್ಲಿ ಬಿಗ್ ಕ್ಲಾರ್ಕ್, ಸನ್‌ಬರಿ ಇರುವ ವಿಕ್ಟೋರಿಯಾ ಪ್ರಾಂತ್ಯದ ವಿಧಾನ ಪರಿಷತ್ ಸೇರಿದ. ಆಗ ಆಸ್ತಿ ಇಲ್ಲದವರು ಆ ಸದನದ ಬಾಗಿಲು ತಟ್ಟುವಂತೆಯೇ ಇರಲಿಲ್ಲ. 1874ರಲ್ಲಿ ಅವನು ತೀರಿಕೊಂಡ. ಮಗ ವಿಲಿಯಂ ಅದೇ ವರ್ಷ ಈ ಬಂಗಲೆ ಕಟ್ಟಿಸಲು ಶುರುಮಾಡಿ, ತನ್ನ ಮಗ ರೂಪರ್ಟ್‌ನ ಹೆಸರಿಟ್ಟ. 1878ರಿಂದ ಸಾಯುವವರೆಗೆ, ಅಂದರೆ 1897ರವರೆಗೆ, ವಿಲಿಯಂ ಕೂಡ ಪರಿಷತ್ತಿನಲ್ಲಿದ್ದ. ಆಮೇಲೆ ಅದೇ ಜಾಗಕ್ಕೆ ರೂಪರ್ಟ್ ಬಂದ. ಅಜ್ಜ, ಅಪ್ಪ, ಮೊಮ್ಮಗ! ಕುಟುಂಬ ರಾಜಕಾರಣ ನಮ್ಮೂರಿನ ರೋಗ ಅಂತ ಬೈಕೊಂಡು ಓಡಾಡ್ತೀವಲ್ವಾ?

ಆದರೆ ಬಿಗ್ ಕ್ಲಾರ್ಕ್ ಜಿಪುಣ, ಮಗ ವಿಲಿಯಂ ಧಾರಾಳಿ. ಕಾಲೇಜು, ಚರ್ಚು ಎಂದು ಕೈಬಿಚ್ಚಿ ಕೊಟ್ಟ. ಕ್ರಿಕೆಟ್ ಹುಚ್ಚೂ ಇತ್ತು, ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಅಧ್ಯಕ್ಷನಾಗಿದ್ದ. 1882ರಲ್ಲಿ ಐವೊ ಬ್ಲೈ ನಾಯಕತ್ವದ ಇಂಗ್ಲೆಂಡ್ ತಂಡ ಬಂದ ಹಡಗಿನಲ್ಲೇ ಕ್ಲಾರ್ಕ್ ದಂಪತಿಯೂ ಊರಿಗೆ ಮರಳುತ್ತಿದ್ದರು. ಆ ಪರಿಚಯದಲ್ಲಿ ಕ್ರಿಸ್‌ಮಸ್‌ಗೆ ಇಡೀ ತಂಡ ಇಲ್ಲಿಗೆ ಬಂತು. ಇಲ್ಲಿ ಒಂದು ತಮಾಷೆ ಪಂದ್ಯ ನಡೆಯಿತು. ವಿಲಿಯಂನ ಹೆಂಡತಿ ಜಾನೆಟ್ ಮತ್ತು ಗೆಳತಿಯರು ಬ್ಲೈಗೆ ಪುಟ್ಟ ಮಣ್ಣಿನ ಕುಡಿಕೆ ಕೊಟ್ಟರು. ಒಳಗಿರುವುದು ಯಾವುದರ ಬೂದಿ ಎಂಬ ಜಗಳ ಇನ್ನೂ ಮುಗಿದಿಲ್ಲ. ಎತ್ತರ ಸುಮಾರು 11 ಸೆಂಟಿಮೀಟರ್ ಅಷ್ಟೇ, ನಮ್ಮಮ್ಮನ ಕುಂಕುಮದ ಭರಣಿಯಷ್ಟು. ಬ್ಲೈ ಕುಡಿಕೆಯ ಜೊತೆಗೆ ಹೆಂಡತಿಯನ್ನೂ ಇಲ್ಲೇ ಪಡೆದ. ಈ ಮನೆಯಲ್ಲಿ ಸಂಗೀತ ಕಲಿಸುತ್ತಿದ್ದ ಫ್ಲಾರೆನ್ಸ್ ಮಾರ್ಫಿಯನ್ನು 1884ರಲ್ಲಿ ಮದುವೆಯಾದ.

ವಾಪಸ್ ಸ್ಟೇಷನ್‌ಗೆ ನಡೆಯುವಾಗ ದಾರಿಯುದ್ದಕ್ಕೂ ಹುಡುಕಿದೆ, ಒಂದು ಕುರಿಯೂ ಕಾಣಲಿಲ್ಲ. “ಇಲ್ಲೀಗ ಎಕರೆಗೆ ಎಷ್ಟಿರಬಹುದೋ?” ಎಂದು ಕೇಳಿದೆ. “ಎಕರೆ ಬಿಡಿ ಮಾಮ,” ಎಂದ. “ಒಂದು ಸೈಟಿನ ರೇಟ್ ಕೇಳೇ ನಾನು ಬಾಡಿಗೆ ಮನೇಲಿರೋದು.”